ಚಂದ್ರಿ ನೆಕ್ಕಿದ ಪೆಟ್ಟಿಗೆ

ಆಗೆಲ್ಲ ಸುರಪುರದ ನಮ್ಮ ಮನೆಯಲ್ಲಿ ದಸರೆ ಬರುವುದು ಮೊದಲು ಮೂಗಿಗೇ ಗೊತ್ತಾಗುತ್ತಿತ್ತು. ಅಂಗಳ ಸಾರಿಸಿದ ಸಗಣಿ, ಒಲೆಯ ಮೇಲಿನ ಹೂರಣ, ಕಟ್ಟೆಯ ಮೇಲೆ ಮಲ್ಲಪ್ಪ ಕಾಕಾ ಕೊಯ್ಯುತ್ತಿದ್ದ ಬೇವಿನ ಹಲಗೆಯ ಕಹಿ ವಾಸನೆ. ಅಪ್ಪ ಹೊಲ, ಆಡು ನೋಡಿಕೊಂಡರೆ ಅಪ್ಪನ ತಮ್ಮ ಕಾಕಾ ಬಡಿಗತನ ಮಾಡುತ್ತಿದ್ದ. ಖಂಡೇಪೂಜೆಯ, ಅಂದರೆ ಆಯುಧಪೂಜೆಯ ದಿನ ಅವನ ಗರಗಸ, ಉಳಿ, ಕೊಡತಿಗಳೆಲ್ಲ ಕುಂಕುಮ ಹಚ್ಚಿಸಿಕೊಂಡು ಸಾಲಾಗಿ ಕೂಡುತ್ತಿದ್ದವು. ಆ ಸಾಲಿನಲ್ಲಿ ನನ್ನದೂ ಒಂದು ಉಳಿ ಇರಬೇಕೆಂದು ಆ ವರ್ಷ ನಾನು ಹಟ ಹಿಡಿದೆ.

"ಮೊಳಿ ಹೊಡೀದಂಗ ಬನ್ನಿ ಎಲಿ ಇಡಾಕ ಒಂದು ಪೆಟಗಿ ಮಾಡು. ಹಕ್ಕಿಬಾಲದ ಕಚ್ಚು ಹಾಕು. ಪೂಜಿ ತನಕ ಬಿಚ್ಚಲಿಲ್ಲಂದ್ರ ಉಳಿ ನಿಂದು" ಎಂದ ಕಾಕಾ.

ಒಂದು ಹಲಗೆಯ ತುದಿಯನ್ನು ಹಕ್ಕಿಯ ಬಾಲದಂತೆ ಅಗಲವಾಗಿ ಕೊಯ್ದು ಇನ್ನೊಂದರ ಸಂದಿನಲ್ಲಿ ಕೂರಿಸುವ ಜೋಡಣೆ ಅದು. ಎಳೆದರೂ ಬರುವುದಿಲ್ಲ. ಗೋಣಿತಟ್ಟಿನ ಮೇಲೆ ಹರಡಿದ್ದ ಸಲಕರಣೆಗಳಲ್ಲಿ ನಾನು ಎಲ್ಲಕ್ಕಿಂತ ದೊಡ್ಡ ಉಳಿಯನ್ನೂ ದೊಡ್ಡ ಹಲ್ಲಿನ ಗರಗಸವನ್ನೂ ಆರಿಸಿಕೊಂಡೆ.

"ಗಂಗೀ, ಅಷ್ಟು ದೊಡ್ಡದು ತಗೊಂಡು ಊರ ಅಗಸಿ ಬಾಗಲಾ ಕಡೀತಿಯೇನು?"

"ದೊಡ್ಡದಿದ್ರ ಲಗೂ ಆಗ್ತದ ಕಾಕಾ."

"ಆತು, ಮಾಡಿ ನೋಡು" ಎಂದು ಅವನು ಎಲೆಗೆ ಸುಣ್ಣ ಹಚ್ಚುತ್ತ ಕೂತ.

ಬೇಗನೇನೋ ಆಯಿತು. ಆದರೆ ಗರಗಸ ನಾನು ಎಳೆದಿದ್ದ ಗೆರೆಯನ್ನೇ ತಿಂದುಹಾಕಿತ್ತು. ಸಂದಿನಲ್ಲಿ ಕಡ್ಡಿ ಆಡಿಸುವಷ್ಟು ಜಾಗ. ಮಹಾ ಬುದ್ಧಿವಂತಳಾದ ನಾನು ಮಿಕ್ಕಿದ ಜೋಳದ ಅಂಬಲಿಗೆ ಕಟ್ಟಿಗೆಯ ಹೊಟ್ಟು ಕಲಸಿ ಸಂದಿಗೆಲ್ಲ ಮೆತ್ತಿ ಬಿಸಿಲಿಗಿಟ್ಟೆ. ಸಂಜೆಗೆ ಪೆಟ್ಟಿಗೆ ಗಟ್ಟಿಯಾಗಿ ನಿಂತಿತು.

ಅಂಬಲಿಗೆ ಅವ್ವ ಮಜ್ಜಿಗೆ, ಉಪ್ಪು ಹಾಕಿದ್ದಳೆಂಬುದು ನನ್ನ ತಲೆಗೆ ಹೊಳೆದಿರಲಿಲ್ಲ. ನಮ್ಮ ಆಡು ಚಂದ್ರಿಗೆ ಹೊಳೆದಿತ್ತು. ಬೆಳಗ್ಗೆ ನೋಡಿದರೆ ಹಲಗೆಗಳು ಒಂದೊಂದು ದಿಕ್ಕಿಗೆ ಬಿದ್ದಿವೆ, ಚಂದ್ರಿ ಕಣ್ಣು ಮುಚ್ಚಿ ಕೊನೆಯ ಕಚ್ಚನ್ನು ನೆಕ್ಕುತ್ತಿದೆ. ನಾನು ರಾಗ ತೆಗೆದೆ. ಕಾಕಾ ನಕ್ಕು ನಕ್ಕು ಕಟ್ಟೆ ಹಿಡಿದುಕೊಂಡ.

"ಅಳಬ್ಯಾಡವಾ. ಕೆಟ್ಟ ತುದಿ ಕೊಯ್ದು ಒಗಿ, ಪೆಟಗಿ ಸಣ್ಣದಾಗ್ತದ, ಆಗ್ಲಿ. ಸಣ್ಣ ಉಳಿ ತಗೋ. ಗೆರಿ ಉಳೀಬೇಕು, ಅದರ ಹೊರಗ ಗರಗಸ ಆಡಿಸು. ಉಳಿಲೆ ಅರ್ಧ ಈ ಕಡಿಂದ, ಅರ್ಧ ಆ ಕಡಿಂದ ಕಡಿ."

"ಇನ್ನೊಂದು ಹಲಗಿಗಿ ಅಳತಿ?"

"ಅಳತಿ ಯಾಕ? ಕೊಯ್ದ ಬಾಲಾ ಅದರ ಮ್ಯಾಲಿಟ್ಟು ಗೆರಿ ಹೊಡಿ."

ಅಂಗೈಯಲ್ಲಿ ಬೊಬ್ಬೆ ಎದ್ದವು. ಆದರೆ ಈ ಸಲ ಬಾಲಗಳು ಕೊಡತಿಯ ಪೆಟ್ಟು ತಿಂದೇ ಒಳಗೆ ಹೋದವು.

ಪೂಜೆಯ ಬೆಳಗ್ಗೆ ಕಾಕಾ ಪೆಟ್ಟಿಗೆಯನ್ನು ಎಳೆದು ನೋಡಲಿಲ್ಲ. ಮೂಲೆಗಳಿಗೆಲ್ಲ ಉಪ್ಪುನೀರು ಸವರಿ ಚಂದ್ರಿಯ ಮುಂದಿಟ್ಟ. ಅದು ನೆಕ್ಕಿತು, ಮೂತಿಯಿಂದ ತಳ್ಳಿತು, ಕೊಂಬಿನಿಂದ ಗುದ್ದಿತು. ಪೆಟ್ಟಿಗೆ ಅಂಗಳದ ತುಂಬ ಉರುಳಿತೇ ಹೊರತು ಬಿಚ್ಚಲಿಲ್ಲ.

"ಚಂದ್ರಿ ನಿನ್ನ ಪಾಸ್ ಮಾಡ್ಯಾಳ" ಎಂದು ಕಾಕಾ ಆ ಸಣ್ಣ ಉಳಿಯನ್ನು ತನ್ನ ಉಳಿಗಳ ಪಕ್ಕದಲ್ಲಿಟ್ಟು ಚೆಂಡುಹೂ ಏರಿಸಿದ. ಆ ದಿನದ ಹೋಳಿಗೆಯ ರುಚಿ ನನಗೆ ನೆನಪಿಲ್ಲ. ಕುಂಕುಮ ಹಚ್ಚಿದ ಆ ಉಳಿ ಮಾತ್ರ ಕಣ್ಣ ಮುಂದಿದೆ.

ಈಗ ಮೊಬೈಲ್ ಒತ್ತಿದರೆ ತರತರದ ಉಳಿ ಮನೆಬಾಗಿಲಿಗೆ ಬರುತ್ತವೆ. ನನ್ನಲ್ಲಿ ಡಬ್ಬಿ ತುಂಬ ಇವೆ. ದಸರೆಗೆ ಬನ್ನಿ ಹಂಚುವುದು ಇಂದಿಗೂ ಆ ಪುಟ್ಟ ಪೆಟ್ಟಿಗೆಯಿಂದಲೇ. ಹೊಸದೇನಾದರೂ ಮಾಡಿದರೆ ಹಳೆಯ ರೂಢಿಯಂತೆ ಒಮ್ಮೆ ಅಂಗಳಕ್ಕೆ ಒಯ್ದು ಇಡುತ್ತೇನೆ. ನೆಕ್ಕಿ ನೋಡಲು ಚಂದ್ರಿ ಇಲ್ಲ, ಕಟ್ಟೆ ಹಿಡಿದು ನಗಲು ಕಾಕಾ ಇಲ್ಲ. ಪಾಸಾದೆನೋ ಇಲ್ಲವೋ ಹೇಳುವವರಿಲ್ಲ.