ಜುಲೈ ತಿಂಗಳ ಕೆಂಡ

ನೈರೋಬಿಯಲ್ಲಿ ಚಳಿ ಅಂದರೆ ಮೈಸೂರಿನವರು ನಗುತ್ತಾರೆ. ನನ್ನ ಅತ್ತೆಯೂ ನಕ್ಕು, ಒಂದೇ ಒಂದು ಸ್ವೆಟರ್ ಇಟ್ಟುಕೊಂಡು ಜೂನ್ ಕೊನೆಗೆ, ಇಲ್ಲಿನ ಚಳಿಗಾಲಕ್ಕೇ, ಬಂದಿಳಿದರು. ಆಮೇಲೆ ವಾರಗಟ್ಟಲೆ ಬಿಸಿಲೇ ಬೀಳಲಿಲ್ಲ. ರಿವರ್‌ಸೈಡ್‌ನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಹೊರಗಿಗಿಂತ ಒಳಗೇ ಹೆಚ್ಚು ಚಳಿ. ನೆಲದ ಮೇಲೆ ಬರಿಗಾಲಿಟ್ಟರೆ ಕಾಲು ಸೆಟೆದುಕೊಳ್ಳುತ್ತಿತ್ತು. ಇದ್ದದ್ದು ಒಂದೇ ಕರೆಂಟ್ ಹೀಟರ್. ಅದು ಅತ್ತೆಯ ಕೋಣೆಯಲ್ಲೇ ಉರಿಯುತ್ತಿತ್ತು.

"ಮೂಳೆ ಒಳಗೇ ಕೊರೀತದೆ ಕಣಮ್ಮ ಈ ಚಳಿ," ಎನ್ನುತ್ತಿದ್ದರು. ಮೊದಲ ವಾರ ನನಗೆ ಪಾಪ ಅನ್ನಿಸಿತು. ಮೂರನೆಯ ವಾರಕ್ಕೆ ಸಿಟ್ಟು ಬರತೊಡಗಿತು. ನಾನು ಮನೆಯಿಂದಲೇ ಆಫೀಸಿನ ಕೆಲಸ ಮಾಡುವವಳು. ಮೀಟಿಂಗಿನ ನಡುವೆಯೂ ಬಾಗಿಲ ಬಳಿ ಬಂದು ನಿಂತು ಅದನ್ನೇ ಹೇಳುತ್ತಿದ್ದರು.

ಒಂದು ಬೆಳಿಗ್ಗೆ ಕರೆಂಟ್ ಹೋಯಿತು. ಮನೆಗೆಲಸಕ್ಕೆ ಬರುವ ಹೆಂಗಸು ಬಾಲ್ಕನಿಯಲ್ಲಿ ಜಿಕೊ ಹೊತ್ತಿಸಿ ಕಾಳು ಬೇಯಿಸಿದ್ದಳು. ಜಿಕೊ ಅಂದರೆ ಇಲ್ಲಿನ ಇದ್ದಿಲ ಒಲೆ. ಅಂಗಡಿಗೆ ಹೊರಟಾಗ, "ಮಾಮಾ, ಅದು ಹೊರಗೇ ಇರಲಿ. ಒಳಗೆ ತಂದರೆ ಜೀವಕ್ಕೆ ಅಪಾಯ," ಎಂದು ತನ್ನ ಸ್ವಾಹಿಲಿ ಬೆರೆತ ಇಂಗ್ಲಿಷಿನಲ್ಲಿ ಹೇಳಿಯೇ ಹೋದಳು. ಇಲ್ಲಿ ಹೆಂಗಸರನ್ನು ಮಾಮಾ, ಅಂದರೆ ಅಮ್ಮ, ಎಂದೇ ಕರೆಯುವುದು.

ಅವಳು ಹೋದ ಮೇಲೆ ಅತ್ತೆ ಮತ್ತೆ ಬಂದರು. ನನಗೆ ಐದು ನಿಮಿಷದಲ್ಲಿ ಮೀಟಿಂಗ್. ಬಟ್ಟೆಯಲ್ಲಿ ಹಿಡಿದು ಜಿಕೊ ಎತ್ತಿ ಅತ್ತೆಯ ಕೋಣೆಯಲ್ಲಿಟ್ಟೆ. ಹೊಗೆಯೇನೂ ಇರಲಿಲ್ಲ, ಕೆಂಡ ಮಾತ್ರ. ಗಾಳಿ ಬರದಿರಲೆಂದು ಕಿಟಕಿ ಮುಚ್ಚಿ, ಬಾಗಿಲೂ ಎಳೆದುಕೊಂಡು ಬಂದೆ. "ಇನ್ನು ಸ್ವಲ್ಪ ಹೊತ್ತು ಕರೀಬೇಡಿ ಅತ್ತೆ," ಎಂದೆ. ಅವರು ಕರೆಯಲೂ ಇಲ್ಲ.

ಮೀಟಿಂಗ್ ಇನ್ನೂ ನಡೆಯುತ್ತಿತ್ತು. ಅಂಗಡಿಯಿಂದ ಬಂದವಳು ನನ್ನ ಕೋಣೆಗೇ ನುಗ್ಗಿದಳು. "ಜಿಕೊ ಎಲ್ಲಿ?"

ನಾನು ಕೈಯಲ್ಲೇ ತೋರಿಸಿದೆ. ಅವಳು ಚೀಲ ಅಲ್ಲೇ ಬಿಟ್ಟು ಓಡಿದಳು. ಕಿಟಕಿ ದಢಾರನೆ ತೆರೆದ ಸದ್ದು, ನಂತರ "ಮಾಮಾ!" ಎಂಬ ಕೂಗು. ಅತ್ತೆ ಹಾಸಿಗೆಯ ಅಂಚಿಗೆ ವಾಲಿಕೊಂಡು ಬಿದ್ದಿದ್ದರು. ಕರೆದರೆ ಕಣ್ಣು ಬಿಡಲಿಲ್ಲ. ಇಬ್ಬರೂ ಸೇರಿ ಬಾಲ್ಕನಿಗೆ ಎಳೆದು ತಂದೆವು. ಅವರು ಹೆದರುತ್ತಿದ್ದ ಆ ತಣ್ಣನೆಯ ಗಾಳಿಯಲ್ಲೇ ಕೂರಿಸಿ ಮುಖಕ್ಕೆ ನೀರು ಹಾಕಿದೆವು. ಎಷ್ಟೋ ಹೊತ್ತಿನ ಮೇಲೆ ನರಳಿ, ವಾಂತಿ ಮಾಡಿಕೊಂಡರು. ಕಾರು ಕರೆಸಿದ್ದು ಅವಳೇ.

ಆಸ್ಪತ್ರೆಯಲ್ಲಿ ಆಕ್ಸಿಜನ್ ಇಟ್ಟರು. ಅಲ್ಲಿನ ಡಾಕ್ಟರು ಮಂಗಳೂರಿನ ಕಡೆಯವರು, ಇಲ್ಲೇ ತಲೆ ನರೆತವರು. "ಇನ್ನೊಂದು ಸ್ವಲ್ಪ ತಡವಾಗಿದ್ರೆ ಕಷ್ಟ ಇತ್ತು ಮಾರಾಯ್ರೆ. ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ರೆ ಹೊಗೆ ಇಲ್ಲದಿದ್ರೂ ವಿಷಗಾಳಿ ತುಂಬ್ತದೆ. ಪ್ರತಿ ಜುಲೈಯಲ್ಲಿ ಇಂಥ ಕೇಸು ನೋಡ್ತೇನೆ," ಎಂದರು.

ಅಷ್ಟರಲ್ಲಿ ನನ್ನ ಗಂಡ ಬ್ಯಾಂಕಿನಿಂದ ಓಡಿ ಬಂದರು. "ಕೋಣೆ ಒಳಗೆ ಕೆಂಡ ಯಾರು ಇಟ್ಟಿದ್ದು?"

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಮುಖದ ಮಾಸ್ಕ್ ಸರಿಸಿ ಹೇಳಿದರು: "ನಾನೇ ಇಟ್ಕೊಂಡೆ ಕಣೋ. ಚಳಿ ತಡೆಯಕ್ಕಾಗ್ಲಿಲ್ಲ."

"ನಿಂಗೆ ಬುದ್ಧಿ ಇದ್ಯೇನಮ್ಮ? ಸತ್ತಿದ್ರೆ?" ಅವರು ಅಷ್ಟು ಜನರೆದುರು ಗದರಿಸಿದರು. ಅತ್ತೆ ತಲೆ ತಗ್ಗಿಸಿದರು. ಬಾಗಿಲ ಬಳಿ ನಿಂತಿದ್ದ ಕೆಲಸದವಳಿಗೆ ಮಾತು ತಿಳಿಯದಿದ್ದರೂ ವಿಷಯ ತಿಳಿದಿರಬೇಕು. ನನ್ನನ್ನೇ ನೋಡಿದಳು. ನಾನು ಅತ್ತೆಯ ಮಾಸ್ಕ್ ಮತ್ತೆ ಸರಿಯಾಗಿ ಕೂರಿಸಿದೆ.

ಮಾರನೆಯ ದಿನ ಅತ್ತೆಯ ಕಾಲ ಬಳಿ ಕೂತು, "ಯಾಕೆ ಹಾಗೆ ಹೇಳಿದ್ರಿ?" ಎಂದು ಕೇಳಿದೆ.

"ನಾನು ಇನ್ನೆರಡು ವಾರಕ್ಕೆ ಹೋಗೋಳು. ನೀವಿಬ್ರೂ ಇಲ್ಲೇ ಇರ್ಬೇಕಲ್ಲಮ್ಮ," ಎಂದರು. ಅವರು ಬೈದಿದ್ದರೆ ನನಗೆ ಹಗುರವಾಗುತ್ತಿತ್ತೇನೋ. ಆ ಎರಡು ವಾರ ಅವರು ಚಳಿಯ ಮಾತೇ ಎತ್ತಲಿಲ್ಲ. ಶಾಲು ಹೊದ್ದು ಹಲ್ಲು ಕಚ್ಚಿಕೊಂಡು ಕೂರುತ್ತಿದ್ದರು. ನಾನು ದಿನವೂ ಗಂಡನಿಗೆ ಹೇಳಬೇಕೆಂದುಕೊಂಡು ದಿನವೂ ಮುಂದೂಡಿದೆ.

ಹೇಳಿದ್ದು ಅವರನ್ನು ವಿಮಾನ ಹತ್ತಿಸಿದ ಮಧ್ಯಾಹ್ನ, ಏರ್‌ಪೋರ್ಟಿನ ಪಾರ್ಕಿಂಗಿನಲ್ಲಿ, ಕಾರಿನೊಳಗೆ ಕೂತು. ಗಂಡ ಕೂಗಾಡಲಿಲ್ಲ. ಹಾಕಿದ್ದ ಕೀ ತಿರುಗಿಸಿ ಎಂಜಿನ್ ನಿಲ್ಲಿಸಿದರು.

"ಅಮ್ಮಂಗೆ ಬೈದ್ನಲ್ಲ ನಾನು," ಎಂದರು. ಫೋನ್ ತೆಗೆದು ಅಮ್ಮನ ನಂಬರು ಒತ್ತಿದರು. ಸ್ವಿಚ್ ಆಫ್ ಆಗಿತ್ತು. ಮತ್ತೊಮ್ಮೆ ಒತ್ತಿದರು.