ಗರುಡನಿಗೆ ಹೊಸ ಮಾಡ್ಯೂಲು

ಬೂಕನಕೆರೆಯಲ್ಲಿ ಪಂಪ್‌ಸೆಟ್ ಮೋಟರು ಕಟ್ಟುವ ಚಲುವರಾಜು ನನ್ನ ಪಕ್ಕದ ಮನೆಯವನು. ಹಗ್ಗ ಕಂಡರೂ ಹಾವು ಎನ್ನುವ ಆಸಾಮಿ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂರುವುದಿಲ್ಲ, ಗುಡುಗಿದರೆ ಅಂಗಡಿಯ ಬಾಗಿಲು ಎಳೆದುಬಿಡುತ್ತಾನೆ. ಇಂಥವನು ರಿಮೋಟ್ ವಿಮಾನ ಹಾರಿಸುತ್ತಾನೆಂದರೆ ನಗು ಬರುವುದಿಲ್ಲವೆ? ನನಗಂತೂ ಬರುತ್ತಿತ್ತು.

ಥರ್ಮಕೋಲು ಕೊಯ್ದು ತಾನೇ ಮಾಡಿದ ವಿಮಾನ ಅದು. ಮುಸುಕಿನ ಜೋಳಕ್ಕೆ ಬೀಳುವ ಗಿಣಿಗಳು ಹೆದರಲೆಂದು ಗರುಡನ ಬಣ್ಣ ಬಳಿದಿದ್ದ, ಬಿಳಿ ತಲೆ, ಕೆಂಗಂದು ರೆಕ್ಕೆ. ನನ್ನ ಕಣ್ಣಿಗೆ ಅದು ಪುಕ್ಕ ಕಿತ್ತ ಕೋಳಿ. ಹೆತ್ತವರಿಗೆ ಹೆಗ್ಗಣ ಮುದ್ದು ತಾನೆ.

ಅವನ ಅವ್ವ ಮಾಯಮ್ಮನಿಗೆ ಆಕಾಶದಲ್ಲಿ ಗರುಡ ಕಂಡರೆ ಸಾಕು, ಇದ್ದಲ್ಲೇ ನಿಂತು, ಕಣ್ಣು ಮುಚ್ಚಿ ಕೈಮುಗಿದು, ಕೆನ್ನೆ ಬಡಿದುಕೊಳ್ಳಬೇಕು. ನಮ್ಮ ಕಡೆ ಎಲ್ಲರೂ ಮಾಡುವುದೇ. ಆದರೆ ಅವಳಷ್ಟು ಹೊತ್ತು ಯಾರೂ ನಿಲ್ಲುವುದಿಲ್ಲ.

ಅವತ್ತು ನಾನೂ ಹೊಲದಲ್ಲಿದ್ದೆ. ವಿಮಾನ ತೆಂಗಿನ ಮರಗಳಾಚೆ ಹೋಗಿ, ನಮ್ಮ ಕಡೆ ತಿರುಗಿ, ಇಳಿಯತೊಡಗಿತ್ತು. ಚಲುವರಾಜುವಿನ ಮುಖ ಬಿಳಿಚಿಕೊಂಡಿತು. "ಮಾತ್ ಕೇಳ್ತಾ ಇಲ್ಲ ಕಣಣ್ಣ!" ಎಂದು ರಿಮೋಟಿನ ಕಡ್ಡಿಗಳನ್ನು ಅತ್ತ ಇತ್ತ ಎಳೆದ. ಸಿಗ್ನಲ್ ಕಡಿದುಹೋಗಿತ್ತು. ವಿಮಾನ ಕೊನೆಯ ಸಲ ಹೇಳಿದ್ದನ್ನೇ ಹಿಡಿದುಕೊಂಡು, ಮೋಟರು ಕಿರುಚಿಕೊಂಡು ನೇರ ಬರುತ್ತಿತ್ತು. ಅದರ ದಾರಿಯಲ್ಲಿ, ಬದುವಿನ ಮೇಲೆ, ಹುಲ್ಲಿನ ಹೊರೆ ಹೊತ್ತು ಮಾಯಮ್ಮ ಬರುತ್ತಿದ್ದಳು.

"ಅವ್ವಾ, ಬಗ್ಗವ್ವಾ!"

ಅವಳು ಬಗ್ಗಲಿಲ್ಲ. ಮೇಲೆ ನೋಡಿದಳು. ಹೊರೆಯನ್ನು ಪಕ್ಕಕ್ಕೆ ಕೆಡವಿ, ಕಣ್ಣು ಮುಚ್ಚಿ, ಕೈ ಮುಗಿದು ನಿಂತಳು. ವಿಮಾನ ಅವಳ ಸೆರಗು ಸವರಿಕೊಂಡು ಹೊರೆಗೆ ನುಗ್ಗಿತು. ಅದರ ಫ್ಯಾನು ಹಸಿಹುಲ್ಲನ್ನು ಕೊಚ್ಚಿ ಅವಳ ಕಾಲ ಮೇಲೆಲ್ಲ ಚೆಲ್ಲಿತು. ಅವಳಿಗೆ ಒಂದು ಗೀರೂ ಆಗಲಿಲ್ಲ. ಮಗ ಮಾತ್ರ ರಿಮೋಟು ಹಿಡಿದುಕೊಂಡೇ ನೆಲದ ಮೇಲೆ ಕೂತುಬಿಟ್ಟಿದ್ದ.

"ಬುಟ್ಬುಡ್ಲಾ ಈ ದರಿದ್ರಾನ," ಎಂದು ಬೈದೆ. ಅವನಿಂದ ಬಿಡಲಾಗಲಿಲ್ಲ. ಯಾರನ್ನೂ ಕೇಳದೆ ಅವನು ಜೀವನದಲ್ಲಿ ಮಾಡಿದ್ದು ಅದೊಂದೇ. ಅವ್ವ ಇನ್ನು ಕೈಮುಗಿಯದಿರಲಿ ಎಂದು ಗರುಡನ ಮೇಲೆ ಹಳದಿ ಬಳಿದ. ಆಮೇಲೆ, ಸಿಗ್ನಲ್ ಕಳಿಸಲು ರಿಮೋಟಿನ ಬೆನ್ನಿಗೆ ಸಿಕ್ಕಿಸುವ ಪುಟ್ಟ ಪೆಟ್ಟಿಗೆ ಇರುತ್ತದಲ್ಲ, ಮಾಡ್ಯೂಲು ಅಂತ, ಒಳ್ಳೆಯದೊಂದನ್ನು ತರಲು ಗಂಜಾಂಗೆ ಹೊರಟ. ಒಬ್ಬನೇ ಹೋಗಲು ಹೆದರಿಕೆ, ನನ್ನನ್ನೂ ಎಳೆದುಕೊಂಡ.

ಅಲ್ಲಿ ಮೊಬೈಲ್ ರಿಪೇರಿ ಅಂಗಡಿಯ ಯಾಸಿನ್ ತಾನೂ ವಿಮಾನ ಹಾರಿಸುವವನು. ನಡೆದದ್ದನ್ನೆಲ್ಲ ಕೇಳಿಕೊಂಡು ಎರಡು ಮಾಡ್ಯೂಲು ಮುಂದಿಟ್ಟ. "ಇದು ಬೋ ದೂರ ಓಯ್ತದೆ ಚಲುವಣ್ಣ. ಇನ್ನೊಂದು ಅಷ್ಟು ದೂರ ಓಗಲ್ಲ, ಆದ್ರೆ ಸಿಗ್ನಲ್ ಕಮ್ಮಿ ಆಯ್ತಿದ್ದಂಗೆ ರಿಮೋಟೇ ಕೂಗಿ ಯೋಳ್ತದೆ."

"ಕಡ್ದೋದ್ರೆ?" ಚಲುವರಾಜುವಿಗೆ ಬೇಕಿದ್ದ ಪ್ರಶ್ನೆ ಅದೊಂದೇ.

"ಎರಡೂ ನಾವ್ ಯೋಳಿಟ್ಟಂಗೆ. ಕಡ್ದೋದ್ರೆ ಮೋಟರ್ ಬಂದ್ ಮಾಡ್ಕೋ ಅಂತ ಮೊದ್ಲೇ ಸೆಟ್ ಮಾಡ್ಬೇಕು. ನೀವು ಅದನ್ನೇ ಮರ್ತಿದ್ರಿ."

ಚಲುವರಾಜುವಿನ ಮುಖ ಸಣ್ಣಗಾಯಿತು. ಒಂದನ್ನು ಎತ್ತಿದ, ಇಟ್ಟ, ಮತ್ತೊಂದನ್ನು ಎತ್ತಿದ. "ಕೂಗೋದೇ ಕೊಡು. ನಂಗೆ ಮೊದ್ಲೇ ಗೊತ್ತಾಗ್ಬೇಕು," ಎಂದ. ಹೆದರುಪುಕ್ಕಲನಿಗೆ ಹೆದರುಪುಕ್ಕಲ ಯಂತ್ರ ಎಂದು ನಾನು ನಕ್ಕೆ. ಯಾಸಿನ್ ವಿಮಾನದೊಳಗೆ ಇಡಲು ಅದರ ಜೋಡಿ ರಿಸೀವರನ್ನೂ ಕೊಟ್ಟ. ಅದಿಲ್ಲದಿದ್ದರೆ ಮಾಡ್ಯೂಲಿನ ಮಾತು ಕೇಳುವವರು ಯಾರು?

ಮನೆಗೆ ಬಂದವನೇ ಜಗಲಿಯಲ್ಲಿ ಯಾಸಿನ್ ಹೇಳಿದಂತೆ ಸೆಟ್ ಮಾಡಿ, ವಿಮಾನದ ಫ್ಯಾನು ಬಿಚ್ಚಿಟ್ಟು, ಮೋಟರು ಓಡಿಸಿ, ಬೇಕೆಂದೇ ರಿಮೋಟು ಆರಿಸಿದ. ಮೋಟರು ನಿಂತಿತು. ಮತ್ತೆ ಓಡಿಸಿದ, ಮತ್ತೆ ಆರಿಸಿದ. ನಾನು ಟೀ ಕುಡಿದು ಮುಗಿಸಿದರೂ ಅವನದು ಮುಗಿಯಲಿಲ್ಲ.

ಮಾಯಮ್ಮ ಹೊರಗೆ ಬಂದು ಹಳದಿ ರೆಕ್ಕೆ ನೋಡಿದಳು. "ಗರುಡ ಚೆಂದಾಗಿತ್ತಲ್ಲ, ಯಾಕ್ಲಾ ಅಳಿಸ್ದೆ?"

"ನೀನು ದೇವ್ರು ಅನ್ಕೊಂಡು ಕೈ ಮುಗ್ಕೊಂಡು ನಿಂತ್ಬುಡ್ತೀಯಲ್ಲವ್ವ."

"ಅಯ್ಯೋ, ನೀನ್ ಮಾಡಿದ್ದು ಅಂತ ನಂಗೊತ್ತಿಲ್ವೇನ್ಲಾ? ಬಿದ್ದೋಯ್ತದೆ ಅನ್ನುಸ್ತು. ಅದು ಮುರ್ದೋದ್ರೆ ನೀನು ಉಣ್ಣದೆ ಮನಿಕತೀಯ. ಅದ್ಕೇ, ಕಾಪಾಡಪ್ಪ ಅಂತ ಕೈ ಮುಗ್ದೆ."

ಚಲುವರಾಜು ರಿಮೋಟು ಕೆಳಗಿಟ್ಟ. ಅವತ್ತು ಹೊಲದಲ್ಲೂ ಅವನು ಅಷ್ಟು ಹೆದರಿದ್ದನ್ನು ನಾನು ಕಂಡಿರಲಿಲ್ಲ. ಯಾವ ಬಣ್ಣ ಬಳಿದರೂ ಈ ಮುದುಕಿ ಅಲ್ಲೇ ಹಾಗೇ ನಿಲ್ಲುವವಳು. ಈ ಸಲ ನನಗೂ ನಗು ಬರಲಿಲ್ಲ.

ಈಗ ಅವನು ಹಾರಿಸಬೇಕಾದರೆ ಅವ್ವ ಬೆನ್ನ ಹಿಂದೆ ನಿಂತು ಅವನ ಅಂಗಿ ಹಿಡಿದುಕೊಂಡಿರಬೇಕು. ಅವಳು ಅಂಗಿ ಬಿಟ್ಟರೆ ವಿಮಾನ ಇಳಿಸಿಬಿಡುತ್ತಾನೆ. ಮಾಯಮ್ಮ ಕಣ್ಣು ಮುಚ್ಚಿಯೇ ನಿಂತಿರುತ್ತಾಳೆ. ರಿಮೋಟು ಕೂಗಿದೊಡನೆ ಅವನಿಗಿಂತ ಮೊದಲು ಅವಳೇ ಅಂಗಿ ಜಗ್ಗುತ್ತಾಳೆ.

"ಕರೀತಾ ಅದೆ ಕಣ್ಲಾ, ತಿರುಗ್ಸು."

ಅವನು ತಿರುಗಿಸುತ್ತಾನೆ.