‘ಹಸಿರು ಮೇಜು’ ಪತ್ರಿಕೆಯ ಸಂಪಾದಕಿ

ಪೂಲ್ ಆಟದ ಬಗ್ಗೆ ಕನ್ನಡದಲ್ಲೊಂದು ಪತ್ರಿಕೆ ತರಬೇಕೆಂಬ ವಿಚಾರ ಕರುಣಾಳದಲ್ಲ, ಶಂಭುಲಿಂಗ ಅವರದು. ಹುಬ್ಬಳ್ಳಿಯಲ್ಲಿ ಪೈಪು ನಲ್ಲಿಗಳ ದೊಡ್ಡ ಅಂಗಡಿ ಇಟ್ಟಿರುವ ಶಂಭುಲಿಂಗ ಅವಳಿನಗರದ ಪೂಲ್ ಆಟಗಾರರ ಸಂಘಕ್ಕೆ ಕಾರ್ಯದರ್ಶಿ. ಮಗಳ ಲಗ್ನಪತ್ರಿಕೆ ಮಾಡಿಸಲು ಅವರು ಗೋಪನಕೊಪ್ಪದ ಕರುಣಾಳ ಮನೆಗೆ ಬಂದಿದ್ದರು. ಕರುಣಾ ಮೊದಲು ಒಂದು ವಾರಪತ್ರಿಕೆಯಲ್ಲಿ ಕರಡು ತಿದ್ದುತ್ತಿದ್ದವಳು. ಅದು ಮುಚ್ಚಿದ ಮೇಲೆ ಮನೆಯ ಮುಂದಿನ ಕೋಣೆಯಲ್ಲಿ ಕಂಪ್ಯೂಟರು ಹಾಕಿಕೊಂಡು ಲಗ್ನಪತ್ರಿಕೆ, ಕರಪತ್ರ ಜೋಡಿಸಿಕೊಡುತ್ತಿದ್ದಳು.

ಅವಳು ವಧುವರರ ಹೆಸರು ಕೂರಿಸುತ್ತಿದ್ದಾಗ ಶಂಭುಲಿಂಗ ಫೋನಿನಲ್ಲಿ ಯಾರ ಜೊತೆಗೋ ವಾದಕ್ಕಿಳಿದಿದ್ದರು. ಬಿಳಿ ಚೆಂಡು ಮೇಜಿನಂಚಿನ ಪಾಕೆಟ್ಟಿಗೆ ಬಿದ್ದರೆ ಮುಂದೇನು ಎಂಬುದು ತಕರಾರು. ಕರುಣಾ ತೆರೆಯ ಮೇಲಿಂದ ಕಣ್ಣು ತೆಗೆಯದೆ ಹೇಳಿದಳು, “ಎದುರಿನವ್ರ ಕೈಗೆ ಬಿಳಿ ಚೆಂಡು ಹೋಗತೈತ್ರಿ. ಅವರು ಮೇಜಿನ ಮ್ಯಾಲೆ ಬೇಕಾದಲ್ಲೆ ಇಟ್ಟು ಹೊಡೀಬೌದು.”

ಶಂಭುಲಿಂಗ ಫೋನು ಕೆಳಗಿಟ್ಟರು. “ಅಕ್ಕಾರ, ನಿಮಗ ಪೂಲ್ ಹೆಂಗ ಗೊತ್ತ್ರಿ?”

“ನಮ್ಮ ಅಪ್ಪ ಕಲಿಸಿದ್ರು.”

ಅಷ್ಟಕ್ಕೇ ಮಾತು ಮುಗಿಸಿದಳು. ಹೇಳಲಿಕ್ಕೆ ಹೋದರೆ ಬಹಳವಿತ್ತು. ಅವಳಪ್ಪ ಬಸಣ್ಣ ಹತ್ತಿ ದಲಾಲಿ. ರವಿವಾರಕ್ಕೊಮ್ಮೆ ಧಾರವಾಡದ ಒಂದು ಹಳೆಯ ಕ್ಲಬ್ಬಿಗೆ ಆಡಲು ಹೋಗುವಾಗ ಮಗಳನ್ನೂ ಕರೆದೊಯ್ಯುತ್ತಿದ್ದರು. ಮೇಜು ಎತ್ತರವಾಗುತ್ತದೆಂದು ಕಾಲಡಿಗೆ ಮಣೆ ಇಟ್ಟು ನಿಲ್ಲಿಸಿ, ಕೈಗೆ ಕ್ಯೂ ಕೋಲು ಕೊಟ್ಟು, ಹೊಡೆಯುವ ಮೊದಲು ಉಸಿರು ಹಿಡಿಯುವುದನ್ನು ಹೇಳಿಕೊಟ್ಟವರು ಅವರೇ. ಕರುಣಾಳ ಕೈ ಬೇಗ ಕೂತಿತು. ಹೈಸ್ಕೂಲು ಮುಗಿಯುವ ಹೊತ್ತಿಗೆ ಅಪ್ಪನ ಗೆಳೆಯರನ್ನು ಸೋಲಿಸುತ್ತಿದ್ದಳು. ಆಗ ಕ್ಲಬ್ಬಿನ ಹೊಸ ಮ್ಯಾನೇಜರು ಬಸಣ್ಣನವರನ್ನು ಪಕ್ಕಕ್ಕೆ ಕರೆದು, “ಸಾಹುಕಾರ್ರ, ದೊಡ್ಡ ಹುಡಿಗ್ಯಾರು ಆಟದ ಕೋಣ್ಯಾಗ ಬಂದ್ರ ಛಲೋ ಕಾಣೂದಿಲ್ರಿ” ಎಂದ. ಅಪ್ಪ ತಲೆಯಾಡಿಸಿದರು. ಕಾರಿನಲ್ಲಿ ಹಿಂದಿರುಗುವಾಗ ಉಣಕಲ್ ಕೆರೆ ಬರುವತನಕ ಕರುಣಾ ಕಾದಳು, ಅಪ್ಪ ಏನಾದರೂ ಅಂದಾರು ಎಂದು. ಅವರು ಹತ್ತಿಯ ಧಾರಣೆಯ ಮಾತು ತೆಗೆದರು. ಅಲ್ಲಿಂದ ಮುಂದೆ ಅವಳು ಕ್ಯೂ ಮುಟ್ಟಿರಲಿಲ್ಲ. ಓದು, ಮದುವೆ, ಮಗಳು, ಕೆಲಸ, ಎಲ್ಲ ಆಗಿಹೋಯಿತು.

“ಕನ್ನಡಾನೂ ಬರತೈತಿ, ಆಟಾನೂ ಬರತೈತಿ. ನೀವ ಸಂಪಾದಕರಾಗ್ರಿ” ಎಂದು ಶಂಭುಲಿಂಗ ದುಂಬಾಲು ಬಿದ್ದರು. ಪತ್ರಿಕೆಗೆ ‘ಹಸಿರು ಮೇಜು’ ಎಂದು ಹೆಸರೂ ಇಟ್ಟಾಗಿತ್ತು. ಕರುಣಾ ಒಪ್ಪಿದಳು. ಒಪ್ಪಿದ್ದು ಆಸೆಯಿಂದಲೇ.

ಕೆಲಸ ಹಿಡಿದರೆ ಅರ್ಧಂಬರ್ಧ ಮಾಡುವ ಜಾಯಮಾನ ಅವಳದಲ್ಲ. ಓದುವವರಿಗೆ ಏನು ಬೇಕೆಂದು ಅವರನ್ನೇ ಕೇಳಿಬಿಡೋಣ ಎಂದು ಸಂಘದ ಪಂದ್ಯ ನಡೆಯುತ್ತಿದ್ದ ಸಭಾಂಗಣಕ್ಕೆ ಹೋದಳು. ಹರೆಯದವರು ಹೆಚ್ಚು ಹೊತ್ತು ತಗೊಳ್ಳಲಿಲ್ಲ. “ಅಕ್ಕಾರ, ನಮ್ಮ ಫೋಟೋ ಹಾಕ್ರಿ. ಕಲರ್‌ನ್ಯಾಗ.” ನಿವೃತ್ತ ಬಸ್ ಕಂಡಕ್ಟರ್ ಬೀರಲಿಂಗಪ್ಪ ಮಾತ್ರ ಕೂತು ವಿಚಾರ ಮಾಡಿದರು. “ಅಕ್ಷರ ದೊಡ್ಡೂ ಇರಲಿ. ಆಮ್ಯಾಲೆ ನಮ್ಮಂಥಾ ವಯಸ್ಸಾದವ್ರು ಬೆನ್ನು ನೋವಾಗಧಂಗ ಹೆಂಗ ಬಗ್ಗಬೇಕು, ಅದನ್ನ ಬರೀರಿ.” ಮೋಟರ್ ವೈಂಡಿಂಗ್ ಮಾಡುವ ಬಿಲಾಲ ಹೇಳಿದ್ದು ಅವಳ ಮನಸ್ಸಿಗೆ ಹಿಡಿಸಿತು.

“ಹೊಡಿಯೂದು ಕಲಸಬ್ಯಾಡ್ರಿ, ಅದು ಮೊಬೈಲ್‌ನ್ಯಾಗ ಸಿಗತೈತಿ. ಯಾವುದು ಫೌಲ್, ಯಾವುದು ಅಲ್ಲ, ಅದನ್ನ ಕನ್ನಡದಾಗ ಚಂದಂಗೆ ಬರೀರಿ. ದಿನಾ ಅದ ಜಗಳ. ಒಬ್ಬೊಬ್ಬಾಂವಂದು ಒಂದೊಂದು ಕಾಯದೆ.”

ಕರುಣಾ ಖುಷಿಯಿಂದ ಮನೆಗೆ ಬಂದು ನಿಯಮಗಳನ್ನು ಬರೆಯಲು ಕೂತಳು. ಬರೆದಂತೆಲ್ಲ ಕಷ್ಟ ತಿಳಿಯಿತು. ಪೂಲ್ ಆಟದಲ್ಲಿ ಅರ್ಧ ಚೆಂಡುಗಳು ಪೂರ್ತಿ ಬಣ್ಣದವು, ಅರ್ಧ ಪಟ್ಟೆಯವು, ನಡುವೆ ಒಂದು ಕರಿ ಚೆಂಡು. ಯಾರಿಗೆ ಯಾವ ಗುಂಪು ಎಂದು ಗೊತ್ತಾದ ಮೇಲೆ ನಿಮ್ಮ ಗುಂಪಿನ ಚೆಂಡಿಗೇ ಮೊದಲು ತಾಗಿಸಬೇಕು, ಇಲ್ಲವಾದರೆ ಫೌಲ್. ಇಷ್ಟನ್ನು ಗೊಂದಲವಿಲ್ಲದೆ ಹೇಳಲು ಅವಳು ಒಂದೊಂದು ವಾಕ್ಯವನ್ನೂ ಮುರಿದು ಕಟ್ಟಿದಳು. ಗಂಡ ಶಿವಯೋಗೀಶ ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಪಾಳಿ ಮೇಲ್ವಿಚಾರಕ. ಕೆಲಸದಿಂದ ಬಂದವನಿಗೆ ಓದಿ ತೋರಿಸಿ, “ತಿಳೀತನು?” ಎಂದು ಕೇಳುವಳು. ಅವನಿಗೆ ತಿಳಿಯುವತನಕ ಬಿಡಲಿಲ್ಲ.

ಮೊದಲ ಸಂಚಿಕೆ ಕೈಗೆ ಬಂತು. ಮುಖಪುಟದಲ್ಲಿ ಶಂಭುಲಿಂಗ, ಹೆಗಲ ಮೇಲೆ ಶಾಲು, ಕೊರಳಲ್ಲಿ ಹಾರ. ಒಳಗೆ ಉಪಾಧ್ಯಕ್ಷರಿಗೆ ಸನ್ಮಾನ, ಖಜಾಂಚಿಗೆ ಸನ್ಮಾನ, ಸನ್ಮಾನ ಮಾಡಿದವರಿಗೆ ಮರುಸನ್ಮಾನ. ಬೀರಲಿಂಗಪ್ಪನವರಿಗಾಗಿ ಅವಳು ಬರೆದಿದ್ದ ಬೆನ್ನುನೋವಿನ ಲೇಖನ ಇರಲೇ ಇಲ್ಲ. ನಿಯಮಗಳ ಎರಡು ಪುಟ ಕೊನೆಯಲ್ಲಿ ಅರ್ಧ ಪುಟವಾಗಿ ಕೂತಿದ್ದವು, ಪಕ್ಕದಲ್ಲಿ ಹುಟ್ಟುಹಬ್ಬದ ಶುಭಾಶಯದ ಜಾಹೀರಾತು. ಮುದ್ರಣಾಲಯಕ್ಕೆ ಫೋನು ಮಾಡಿ ಶಂಭುಲಿಂಗರೇ, “ಸ್ವಲ್ಪ ಕತ್ತರಿಸ್ರಿ” ಎಂದಿದ್ದರಂತೆ. ಅವಳು ‘ಯಾರ ಗುಂಪು ಯಾವುದೆಂದು ಇನ್ನೂ ಗೊತ್ತಾಗದಿರುವಾಗ, ಕರಿ ಚೆಂಡು ಬಿಟ್ಟು ಬೇರೆ ಯಾವುದಕ್ಕೆ ಮೊದಲು ತಾಗಿಸಿದರೂ ಫೌಲ್ ಅಲ್ಲ’ ಎಂದು ಬರೆದಿದ್ದಳು. ಅಚ್ಚಾದದ್ದು ‘ಯಾವುದಕ್ಕೆ ಮೊದಲು ತಾಗಿಸಿದರೂ ಫೌಲ್ ಅಲ್ಲ’ ಎಂದಷ್ಟೇ.

ವಾರ ಕಳೆಯುವುದರೊಳಗೆ ಬಿಲಾಲ ಪತ್ರಿಕೆ ಸುರುಳಿ ಸುತ್ತಿ ಹಿಡಿದು ಮನೆ ಬಾಗಿಲಿಗೆ ಬಂದ.

“ಅಕ್ಕಾರ, ಮೊದಲು ಬರೇ ಬಾಯಿಲೆ ಜಗಳ ಆಗ್ತಿತ್ತ್ರಿ. ಈಗ ನಿಮ್ಮ ಪುಸ್ತಕ ತೋರ್ಸಿ ಜಗಳ ಮಾಡಾಕತ್ತಾರ. ಅಚ್ಚಾಗೇತಿ ನೋಡಲೇ ಅಂತಾರ. ನಾ ಏನ್ ಹೇಳ್ಲಿ?”

ಕರುಣಾಳಿಗೆ ನೆಲ ಬಿರಿದು ಒಳಗೆ ಹೋಗಬಾರದೇ ಅನ್ನಿಸಿತು. ಅವನನ್ನು ಕೂಡಿಸಿ ಚಹಾ ಕೊಟ್ಟು, ತಾನು ಬರೆದದ್ದನ್ನು ತೆರೆಯ ಮೇಲೆ ತೋರಿಸಿದಳು. ಬಿಲಾಲ ಪೂರ್ತಿ ಓದಿ, “ಇದು ಖರೇ ಐತಿ. ಇದನ್ನ ಯಾಕ ಹಾಕಲಿಲ್ರಿ ಮತ್ತ?” ಎಂದ. ಅವನು ಹೋದೊಡನೆ ಅವಳು ಬಾಗಿಲಿಗೆ ಕೀಲಿ ಹಾಕಿದಳು. ಶಂಭುಲಿಂಗರ ಅಂಗಡಿಗೆ ಹೋಗಿ ಕೂಗಾಡಿದಳು. ಅವರು ಸಿಟ್ಟಿಗೇಳಲಿಲ್ಲ, ಅದೇ ಅವಳನ್ನು ಇನ್ನಷ್ಟು ಉರಿಸಿತು. “ಏ ಅಕ್ಕಾರ, ಮುಂದಿನ ಸಲ ಹಾಕೂಣಂತ. ಮಂದಿ ತಮ್ಮ ಮಾರಿ ನೋಡಾಕ ಪುಸ್ತಕ ತಗೋತಾರ. ಓದಾಕ ಯಾರು ತಗೋತಾರ್ರಿ?” ಎಂದು ಲಿಂಬು ಸೋಡಾ ತರಿಸಿದರು.

ಸಿಟ್ಟು ಇಳಿಯದ ಆ ದಿನಗಳಲ್ಲೇ ಅವಳಿಗೆ ಒಂದು ವಿಚಾರ ಹೊಳೆಯಿತು. ಎಲ್ಲರಿಗೂ ಏನು ಬೇಕೆಂದು ಕೇಳಿದೆ, ನನಗೇನು ಬೇಕು? ಇಂಥದೊಂದು ಪತ್ರಿಕೆ ಕೈಗೆ ಸಿಕ್ಕರೆ ನಾನು ಮೊದಲು ಯಾವ ಪುಟ ತೆಗೆದೇನು? ಉತ್ತರ ಕಣ್ಣ ಮುಂದೆಯೇ ಇತ್ತು. ಈ ಎರಡೂರುಗಳಲ್ಲಿ ಒಬ್ಬ ಹೆಂಗಸು ಎಲ್ಲಿ ಹೋಗಿ ಆಡಬಹುದು, ಅದನ್ನು ಹೇಳುವ ಪುಟ.

ಪಕ್ಕದ ಮನೆಯ ಫರಹತ ಖಾಸಗಿ ಲ್ಯಾಬೊಂದರಲ್ಲಿ ರಕ್ತ ತಪಾಸಣೆ ಮಾಡುವಾಕೆ. ಕಾಲೇಜು ಹಾಸ್ಟೆಲ್ಲಿನಲ್ಲಿ ಸ್ವಲ್ಪ ಆಡಿದ್ದಳು. ಇಬ್ಬರೂ ಸ್ಕೂಟರ್ ಹತ್ತಿ ಹೊರಟರು. ಮೊದಲ ಪೂಲ್ ಪಾರ್ಲರಿನಲ್ಲಿ ಕಾಲಿಟ್ಟ ಕೂಡಲೇ ಆಟ ನಿಂತಿತು. ಹೊಗೆಯ ನಡುವಿನಿಂದ ಮಾಲೀಕ ಎದ್ದು ಬಂದು, “ಯಾರನ್ನ ಕರಿಯಾಕ ಬಂದೀರ್ರಿ?” ಎಂದ. ಮೂಲೆಯಲ್ಲಿದ್ದ ಒಬ್ಬ ಮನುಷ್ಯ ತನ್ನ ಹೆಂಡತಿಯೇ ಬಂದಳೆಂದು ಮೇಜಿನ ಮರೆಯಲ್ಲಿ ಕುಕ್ಕರಗಾಲಲ್ಲಿ ಕೂತುಬಿಟ್ಟ. ಫರಹತ ನಗು ತಡೆಯಲಾರದೆ ಹೊರಗೆ ಓಡಿದಳು. ಕರುಣಾಳಿಗೆ ನಗು ಬರಲಿಲ್ಲ.

“ಯಾರನ್ನೂ ಕರಿಯಾಕ ಬಂದಿಲ್ರಿ. ಆಡಾಕ ಬಂದೇವಿ.”

“ಆಡಾಕ?” ಮಾಲೀಕ ತಲೆ ಕೆರೆದುಕೊಂಡ. “ಇಲ್ಲೆ ಫ್ಯಾಮಿಲಿ ಬರಂಗಿಲ್ರಿ ಅಕ್ಕಾರ. ತಪ್ಪ ತಿಳ್ಕೋಬ್ಯಾಡ್ರಿ.”

ಮುಂದೆಯೂ ಹೀಗೆಯೇ. ಒಂದು ಕಡೆ ಎಲ್ಲ ಮೇಜೂ ಬುಕ್ ಆಗಿವೆ ಎಂದರು, ಎದುರಿಗೇ ಎರಡು ಮೇಜು ಬಿಕೋ ಎನ್ನುತ್ತಿದ್ದವು. ಇನ್ನೊಂದು ಕಡೆ ಆಡಲು ಬಿಟ್ಟರು, ಆದರೆ ಇವರಿಬ್ಬರು ಹೊಡೆದ ಪ್ರತಿ ಚೆಂಡಿಗೂ ಹಿಂದಿನಿಂದ ಸಲಹೆ ಬರುತ್ತಿತ್ತು. ಕೊನೆಗೆ ಉಣಕಲ್‌ನಲ್ಲಿ ನಿಜಾಮುದ್ದೀನ ಎಂಬವರ ಪಾರ್ಲರಿಗೆ ಹೋದರು. ಗಡ್ಡ ಬೆಳ್ಳಗಾದ, ಮೆತ್ತಗೆ ಮಾತಾಡುವ ಮನುಷ್ಯ. ಅವರು ಬೇಡ ಎನ್ನಲಿಲ್ಲ. “ಹೆಣ್ಣಮಕ್ಕಳಿಗೆ ಬಾತ್‌ರೂಮ್ ಇಲ್ಲವ್ವ ಇಲ್ಲೆ, ಅದಕ್ಕ ಹೆಂಗ ಬರ್ರಿ ಅಂತ ಹೇಳ್ಲಿ?” ಎಂದರು.

ಕರುಣಾ ಎಲ್ಲವನ್ನೂ ಬರೆದಳು. ಕೆಟ್ಟ ಮಾತಿಲ್ಲ, ವ್ಯಂಗ್ಯವಿಲ್ಲ. ಎಲ್ಲಿ ಹೋದೆವು, ಯಾರು ಏನಂದರು, ಅಷ್ಟೇ.

ಶಂಭುಲಿಂಗ ಓದಿ ಕಾಗದವನ್ನು ಅವಳತ್ತ ಮರಳಿ ಚಾಚಿದರು. “ಇದು ಆಟದ ಪತ್ರಿಕಾ ಐತ್ರಿ, ದೂರಿನ ಅರ್ಜಿ ಅಲ್ಲ. ಇವರೆಲ್ಲಾ ನಮ್ಮ ಮೆಂಬರ್ರು ಅದಾರ.”

“ಅದಕ್ಕ ಹಾಕಬೇಕ್ರಿ. ಮೆಂಬರ್ರಿಗೆ ಗೊತ್ತಾಗಲಿ.”

“ಹೆಣ್ಣಮಕ್ಕಳು ಎಷ್ಟ ಮಂದಿ ಓದತಾರ್ರಿ ಇದನ್ನ?”

“ನಾ ಓದತೇನಲ್ರಿ!” ಎಂದಳು ಕರುಣಾ. ದನಿ ತನಗೇ ಗೊತ್ತಿಲ್ಲದಂತೆ ಏರಿತ್ತು. ಅಂಗಡಿಯಲ್ಲಿ ನಲ್ಲಿ ಕೊಳ್ಳುತ್ತಿದ್ದವರು ತಿರುಗಿ ನೋಡಿದರು.

ಈ ಸಲ ಅವಳು ಅಚ್ಚಿನ ದಿನ ಬೆಳಿಗ್ಗೆಯೇ ಮುದ್ರಣಾಲಯಕ್ಕೆ ಹೋಗಿ ಕುರ್ಚಿ ಹಾಕಿಕೊಂಡು ಕೂತಳು. ಶಂಭುಲಿಂಗರ ಫೋನು ಬಂದಾಗ ಮುದ್ರಕ ಅವಳ ಮುಖ ನೋಡಿದ. “ಸಂಪಾದಕರು ಇಲ್ಲೇ ಕುಂತಾರ್ರಿ, ನೀವ ಮಾತಾಡ್ರಿ” ಎಂದು ಫೋನನ್ನು ಅವಳಿಗೇ ಕೊಟ್ಟ. ಅವಳು ಕಿವಿಗೆ ಹಿಡಿದು, “ಏನೂ ಕತ್ತರಸೂದಿಲ್ರಿ. ಕತ್ತರಸೂದಿದ್ರ ನನ್ನ ಹೆಸರು ಮೊದಲು ಕತ್ತರಸ್ರಿ” ಎಂದಳು. ಶಂಭುಲಿಂಗ, “ನೋಡ್ರಿ ಮತ್ತ, ನಿಮ್ಮ ಇಚ್ಛಾ” ಎಂದು ಫೋನು ಇಟ್ಟರು. ನಿಯಮಗಳು ಸರಿಯಾಗಿ, ಪೂರ್ತಿಯಾಗಿ ಅಚ್ಚಾದವು. ಲೇಖನವೂ ಅಚ್ಚಾಯಿತು.

ಸಂಚಿಕೆ ಹೊರಬಿದ್ದ ಮೇಲೆ ಕರುಣಾ ಜಗಳಕ್ಕೆ ತಯಾರಾಗಿ ಕಾದಳು. ಪಾರ್ಲರಿನವರು ಬಂದು ಬೈಯಬಹುದು, ಬಂದರೆ ಏನೇನು ಹೇಳಬೇಕೆಂದು ಅಡುಗೆ ಮಾಡುವಾಗಲೆಲ್ಲ ಮನಸ್ಸಿನಲ್ಲಿ ಜೋಡಿಸಿಕೊಂಡಳು. ಯಾರೂ ಬರಲಿಲ್ಲ. ಲೇಖನವನ್ನು ಯಾರೂ ಓದಿರಲೇ ಇಲ್ಲ. ಫೋನುಗಳೇನೋ ಒಂದರ ಹಿಂದೊಂದು ಬಂದವು, ಎಲ್ಲವೂ ಮೂರನೆಯ ಪುಟದ ಫೋಟೋದ ಬಗ್ಗೆ. ಉಪಾಧ್ಯಕ್ಷ ಅಸ್ಫಾಕ ಅವರ ಹೆಸರಿನ ಹಿಂದೆ ‘ಮಾಜಿ’ ಎಂದು ಬಿದ್ದಿತ್ತು. ಅದು ಅವಳದೇ ತಪ್ಪು. ಲೇಖನ ಕಾಯುವ ಭರದಲ್ಲಿ ಆ ಪುಟದ ಕರಡು ಸರಿಯಾಗಿ ನೋಡಿರಲಿಲ್ಲ. “ನನ್ನ ಯಾವಾಗ ತಗದ್ರಿ?” ಎಂದು ಅಸ್ಫಾಕ ಸಭೆ ಕರೆಸಿದರು. ಸಭೆಯಲ್ಲಿ ಹೆಣ್ಣುಮಕ್ಕಳ ಮಾತನ್ನು ಒಬ್ಬರೂ ಎತ್ತಲಿಲ್ಲ, ಎಲ್ಲ ಆ ‘ಮಾಜಿ’ಯದ್ದೇ. ಕ್ಷಮೆ ಕೇಳಿ ಮನೆಗೆ ಬಂದ ಕರುಣಾ ಚೀಲವನ್ನು ಸೋಫಾಕ್ಕೆ ಎಸೆದು, ಗಂಡನ ಮುಂದೆ ಅತ್ತೇಬಿಟ್ಟಳು.

“ಬೈದಿದ್ರೂ ನಡೀತಿತ್ತು ನೋಡ್ರಿ. ಓದಿ ಬೈಬೇಕಿತ್ತು.”

“ಬಿಟ್ಟಬಿಡು ಅದನ್ನ” ಎಂದ ಶಿವಯೋಗೀಶ.

“ಎಲ್ಲಾರೂ ಅದನ್ನ ಹೇಳ್ರಿ ನನಗ, ಬಿಡು ಬಿಡು ಅಂತ.”

ಅವನು ಎದ್ದು ಅವಳಿಗೆ ನೀರು ತಂದುಕೊಟ್ಟ.

ಓದಿದವರು ಒಬ್ಬರಿದ್ದರು. ಕೆಲವು ದಿನಗಳಾದ ಮೇಲೆ ಒಂದು ಮಧ್ಯಾಹ್ನ ನಿಜಾಮುದ್ದೀನರು ಬಂದು ಚಪ್ಪಲಿ ಕಳೆದು ಹೊಸ್ತಿಲಲ್ಲೇ ನಿಂತರು. ಮೆತ್ತಗಿನ ಮನುಷ್ಯ ಅಂದು ಕುದಿಯುತ್ತಿದ್ದರು. “ನಮ್ಮ ಮಗಳು ಓದಿ ನನ್ನ ಮಾರಿಗೆ ಹಿಡದ್ಳವ್ವ. ಅಬ್ಬಾಜಾನ್, ನಿಮ್ಮ ಅಂಗಡ್ಯಾಗ ಬಾತ್‌ರೂಮ್ ಇದ್ದೂ ಇಲ್ಲ ಅಂತ ಹೇಳೀರಿ ಅಂದ್ಳು. ಊರ ಮುಂದ ನನ್ನ ಮರ್ಯಾದಿ ಕಳದ್ರಿ ನೀವು.”

“ಇದ್ದೂ? ನೀವ ಇಲ್ಲ ಅಂದಿದ್ರೆಲ್ರಿ?”

ನಿಜಾಮುದ್ದೀನರು ಒಪ್ಪಿಕೊಂಡರು. ಇತ್ತು. ಅದರೊಳಗೆ ಮುರಿದ ಕ್ಯೂಗಳನ್ನೂ ಮೇಜಿಗೆ ಹೊದಿಸುವ ಹಸಿರು ಬಟ್ಟೆಯ ಹಳೆಯ ಸುರುಳಿಗಳನ್ನೂ ತುಂಬಿ ಕೀಲಿ ಹಾಕಿದ್ದರು. “ಈಗ ಖಾಲಿ ಮಾಡೇನಿ. ಬಂದು ನೋಡ್ರಿ, ನೋಡಿ ತಿದ್ದಿ ಬರೀರಿ.”

ಕರುಣಾ, ಫರಹತ ಹೋಗಿ ನೋಡಿದರು. ಬಾಗಿಲಿಗೆ ಹೊಸ ಚಿಲಕ ಹಾಕಿಸಿದ್ದರು. ಅವತ್ತೇ ಇಬ್ಬರೂ ಒಂದು ಆಟ ಆಡಿದರು. ಅಷ್ಟು ವರ್ಷ ಬಿಟ್ಟಿದ್ದರೂ ಕರುಣಾಳ ಎಡಗೈ ಮೇಜಿನ ಮೇಲೆ ತಾನಾಗಿ ಬೆರಳು ಕೂಡಿಸಿ ಕ್ಯೂಗೆ ಆಸರೆಯಾಯಿತು. ಆದರೆ ಚೆಂಡು ಮಾತು ಕೇಳಲಿಲ್ಲ. ಸುಲಭದವೂ ತಪ್ಪಿದವು. ಹಲ್ಲು ಕಚ್ಚಿ ಮತ್ತೆ ಹೊಡೆದಳು, ಮತ್ತೆ ತಪ್ಪಿತು. ಹದಿಹರೆಯದಲ್ಲಿ ಗಂಡಸರನ್ನು ಸೋಲಿಸಿದ ಕೈಯನ್ನು ಫರಹತ ಆರಾಮಾಗಿ ಸೋಲಿಸಿದಳು.

ತಿದ್ದಿ ಬರೆಯಲು ಮಾತ್ರ ಪತ್ರಿಕೆ ಉಳಿಯಲಿಲ್ಲ. ಮೂರನೆಯ ಸಂಚಿಕೆ ಬೇಡವೆಂದು ಸಂಘ ತೀರ್ಮಾನಿಸಿತು, ಫೋಟೋಗಳಿಗೆ ವಾಟ್ಸಾಪ್ ಗುಂಪೇ ಸಾಕೆಂದಿತು. ಶಂಭುಲಿಂಗ ಬೇಸರಪಟ್ಟುಕೊಂಡೇ ಈ ಸುದ್ದಿ ಹೇಳಿದರು, ಅವಳಿಗೊಂದು ಶಾಲು ಹೊದಿಸಿ ಸನ್ಮಾನ ಮಾಡುತ್ತೇವೆಂದೂ ಹೇಳಿದರು. ಕರುಣಾ ಹೋಗಲಿಲ್ಲ.

ಈಗ ವಾರಕ್ಕೊಂದು ಮಧ್ಯಾಹ್ನ ಉಣಕಲ್‌ನ ಆ ಪಾರ್ಲರಿನಲ್ಲಿ ಕರುಣಾ, ಫರಹತ, ಮತ್ತೆ ನಿಜಾಮುದ್ದೀನರ ಮಗಳು ಆಡುತ್ತಾರೆ. ಒಮ್ಮೊಮ್ಮೆ ನಾಲ್ಕನೆಯವಳೊಬ್ಬಳು ಬರುತ್ತಾಳೆ, ಬಹಳ ಸಲ ಬರುವುದಿಲ್ಲ. ಕರುಣಾಳ ಕೈ ಇನ್ನೂ ಪೂರ್ತಿ ಕೂತಿಲ್ಲ. ಅವಳು ಆಡುವ ಮೇಜಿನ ಒಂದು ಮೂಲೆಯಲ್ಲಿ ಬಟ್ಟೆ ಹರಿದಿದೆ. ಸರಿಯಾಗಿ ಹೊಡೆದ ಚೆಂಡೂ ಅಲ್ಲಿಗೆ ಬಂದೊಡನೆ ಕುಪ್ಪಳಿಸಿ ದಾರಿ ತಪ್ಪುತ್ತದೆ. ಬದಲಿಸಿಕೊಡಿ ಎಂದು ಹೋದಾಗಲೆಲ್ಲ ಕೇಳುತ್ತಾಳೆ.

“ಮುಂದಿನ ತಿಂಗಳ ಮಾಡಸೂಣವ್ವ” ಎನ್ನುತ್ತಾರೆ ನಿಜಾಮುದ್ದೀನರು.

“ಹೋದ ತಿಂಗಳೂ ಇದನ್ನ ಅಂದ್ರಿ” ಎಂದು ಗೊಣಗುತ್ತ ಅವಳು ಕ್ಯೂ ತುದಿಗೆ ಚಾಕ್ ಉಜ್ಜಿ, ಆ ಮೂಲೆಗೇ ಮತ್ತೊಮ್ಮೆ ಗುರಿ ಹಿಡಿಯುತ್ತಾಳೆ.